ಮೆಣಸಿನಕಾಯಿ ಬರುವ ಮೊದಲು

"ಆಯಿ, ಬಟ್ಟಲದ ಮ್ಯಾಲಿನ ತಾಟು ತಗೀರಿ. ಒಳಗೇನೈತಿ ನೋಡಬೇಕು."

ಪದ್ಮವ್ವ ಎತ್ತಿದ ಕಾಲನ್ನು ಎತ್ತಿದ ಹಾಗೆಯೇ ಹಿಡಿದು ನಿಂತಳು. ನೆರೆಮನೆಯ ಹೊಸ್ತಿಲಲ್ಲಿ ಹತ್ತು ವರ್ಷದ ಪೂರ್ಣಿಮಾ ತನಗಿಂತ ಉದ್ದದ ಬಿದಿರುಕೋಲನ್ನು ಬಾಗಿಲಿಗೆ ಅಡ್ಡ ಹಿಡಿದಿದ್ದಳು. ತಲೆಗೆ ಅಪ್ಪನ ಧೋತರದ ರುಮಾಲು, ನಡುವಿಗೆ ಅವ್ವನ ಹಳೆಯ ಸೀರೆಯ ತುಂಡು, ಮುಖದ ಮೇಲೆ ಜಕಾತಿ ನಾಕೆಯ ಸಿಪಾಯಿಯ ಗತ್ತು.

"ಶೇಂಗಾ ಚಟ್ನಿ ಐತಿ ನನ್ನವ್ವಾ. ಇವತ್ತ ನಿಮ್ಮಜ್ಜಾರು ಬರ್ತಾರಂತಲ್ಲ, ರೊಟ್ಟಿ ಜೋಡಿ ಇರ್ಲಿ ಅಂತ ತಂದೀನಿ."

"ಶೇಂಗಾ ಇನ್ನೂ ಬಂದಿಲ್ಲ."

"ಬಂದಿಲ್ಲಂದ್ರ? ನಾನ ತಂದೀನಲ್ಲ."

"ನಮ್ಮ ದೇಶಕ್ಕ ಬಂದಿಲ್ಲ. ಬರಾಕ ಇನ್ನೂ ಸಾವಿರ ವರ್ಷ ಐತಿ. ಅದರಾಗಿನ ಮೆಣಸಿನಕಾಯೀನೂ ಬಂದಿಲ್ಲ. ಬಟ್ಟಲಾ ಕಟ್ಟಿ ಮ್ಯಾಲಿಟ್ಟು, ಚಸ್ಮಾ ತಗದು, ನೀವು ಒಬ್ಬರ ಒಳಗ ಬರ್ರಿ."

ನೇಕಾರರ ಬಡಾವಣೆ ಖಾಸಬಾಗದ ಆ ಗಲ್ಲಿಯಲ್ಲಿ ಪದ್ಮವ್ವ ಚಟ್ನಿಯ ಬಟ್ಟಲು ಹಿಡಿದು ಹೊಗದ ಮನೆಯಿರಲಿಲ್ಲ. ಸಿಟ್ಟಿನ ಸೊಸೆಯಂದಿರು, ಜಗಳದ ಬೀಗರು, ಬಾಡಿಗೆ ಕೇಳಲು ಬಂದ ಮಾಲಕರು, ಎಲ್ಲರೂ ಆ ಬಟ್ಟಲಿಗೆ ದಾರಿ ಬಿಟ್ಟವರೇ. ಇಂದು ಮೊಣಕಾಲೆತ್ತರದ ಹುಡುಗಿ ಅದನ್ನು ತಡೆದಿದ್ದಳು. ಪದ್ಮವ್ವ ಬಟ್ಟಲನ್ನು ಕಟ್ಟೆಯ ಮೇಲೆ ಸದ್ದಾಗುವಂತೆ ಕುಕ್ಕಿದಳು. ಆದರೆ ಬಟ್ಟಲು ಹೊರಗುಳಿದರೂ ಕಣ್ಣು ಒಳಗೆ ಹೋಗದೆ ಇರಲಾರವು. ಬಿದಿರುಕೋಲಿನ ಮೇಲಿಂದ ಕತ್ತು ಚಾಚಿ ನೋಡಿದಳು.

ಸೂರ್ಯ ನೆತ್ತಿಯ ಹತ್ತಿರ ಬಂದಿದ್ದರೂ ಪಡಸಾಲೆಯಲ್ಲಿ ಔಡಲೆಣ್ಣೆಯ ದೀಪ ಉರಿಯುತ್ತಿತ್ತು. ಟೆಲಿಫೋನಿನ ಮೇಲೆ ಬುಟ್ಟಿ ಬೋರಲು ಹಾಕಿತ್ತು. ಮನೆಯೊಡತಿ ಅನುರಾಧಾ ತಲೆಗೆ ಬಟ್ಟೆ ಬಿಗಿದುಕೊಂಡು ಚಾಪೆಯ ಮೇಲೆ ಮಲಗಿದ್ದಳು. ಕಣ್ಣು ಕೆಂಪಗೆ ಊದಿದ್ದವು. ಅವಳ ಗಂಡ ನಾಗಲಿಂಗ ಅಂಗಿಯಿಲ್ಲದೆ ಬರೀ ಧೋತರ, ಹೆಗಲ ಮೇಲೊಂದು ಬಟ್ಟೆ ಹಾಕಿಕೊಂಡು ಗೋಡೆಗೊರಗಿ ಗಲ್ಲದ ಮೇಲೆ ಕೈಯಿಟ್ಟು ಕೂತಿದ್ದ. ಅಡುಗೆಮನೆಯಿಂದ ಒಗ್ಗರಣೆಯ ವಾಸನೆಯಿಲ್ಲ, ಚಹಾದ ವಾಸನೆಯಿಲ್ಲ.

"ಖಾನಾಪುರದ ಮಾಸ್ತರು ಮುಂಜಾನಿ ಬಸ್ಸಿಗೆ ಬರವರಿದ್ರಲ್ಲ ತಮ್ಮಾ?" ಎಂದು ಪದ್ಮವ್ವ ಸಣ್ಣ ದನಿಯಲ್ಲಿ ಕೇಳಿದಳು.

ನಾಗಲಿಂಗ ತಲೆಯೆತ್ತಲಿಲ್ಲ. "ಅವರ ಸುದ್ದಿ ಈಗ ಬ್ಯಾಡ್ರಿ ಪದ್ಮಕ್ಕ."

ಪದ್ಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಮೆಟ್ಟಿಲಿಳಿದಳು. ಹಗಲು ದೀಪ, ಒಗ್ಗರಣೆಯಿಲ್ಲದ ಒಲೆ, ತಲೆ ಕಟ್ಟಿಕೊಂಡ ಹೆಂಗಸು, ಅಂಗಿ ತೆಗೆದಿಟ್ಟ ಗಂಡಸು. ಆ ಗಲ್ಲಿಯಲ್ಲಿ ಬಾಳಿದ ಯಾರಿಗೂ ಇದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ಆದರೆ ಆ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಇತಿಹಾಸದ ಪಾಠ ನಡೆದಿತ್ತು.

ಇಷ್ಟಕ್ಕೆಲ್ಲ ಮೂಲ ಪೂರ್ಣಿಮಾ ಸಾಲೆಯಲ್ಲಿ ಕೇಳಿದ ಒಂದು ಪ್ರಶ್ನೆ. ಅಂದು ಇತಿಹಾಸದ ಅಕ್ಕೋರು ಕದಂಬರ ಪಾಠ ಹೇಳುತ್ತಿದ್ದರು. ಮಯೂರಶರ್ಮ ಓದಲೆಂದು ಕಂಚಿಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಗಿ ಅವಮಾನವಾಯಿತು. ಸಿಟ್ಟಿಗೆದ್ದು ಓದು ಬಿಟ್ಟ, ಕತ್ತಿ ಹಿಡಿದ, ರಾಜ್ಯ ಕಟ್ಟಿದ. ಪೂರ್ಣಿಮಾ ಎದ್ದು ನಿಂತು, ಸಾಲಿ ಬಿಟ್ಟು ಬಂದಾಗ ಅವನನ್ನು ಮನೆಯಲ್ಲಿ ಬೈಯಲಿಲ್ಲವೇ ಎಂದು ಕೇಳಿದಳು. ಅಕ್ಕೋರು ಅವಳನ್ನು ಗಂಟೆ ಬಾರಿಸುವವರೆಗೆ ವರಾಂಡದಲ್ಲಿ ನಿಲ್ಲಿಸಿದರು.

ಸಂಜೆ ಇದನ್ನು ಕೇಳಿದ ನಾಗಲಿಂಗ ಕೆಂಡವಾದ. ಅವನು ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಅಲ್ಲಿ ಅವನು ಯಾರ ಮೇಲೂ ಸಿಟ್ಟು ಮಾಡುವಂತಿರಲಿಲ್ಲ. ಹೀಗಾಗಿ ಗೇಟು ತೆರೆಯದ ಕಾಲುವೆಯಲ್ಲಿ ನೀರು ನಿಲ್ಲುವಂತೆ ಸಿಟ್ಟು ಅವನ ಎದೆಯ ಮಟ್ಟಕ್ಕೆ ನಿಂತುಕೊಂಡಿತ್ತು. ಅಂದು ಗೇಟು ಕಿತ್ತುಹೋಯಿತು. ಪ್ರಶ್ನೆ ಕೇಳಿದ ಮಗುವನ್ನು ಹೊರಗೆ ನಿಲ್ಲಿಸುವ ಸಾಲೆ ಸಾಲೆಯಲ್ಲ, ದನದ ದೊಡ್ಡಿ ಎಂದು ಹೆಡ್‌ಮಾಸ್ತರರ ಮುಂದೆಯೇ ಹೇಳಿ ಮಗಳ ಹೆಸರು ತೆಗೆಸಿಕೊಂಡು ಬಂದ. ಅಂದು ಮಯೂರಶರ್ಮ ಸುಮ್ಮನೆ ಕಂಚಿಯಲ್ಲೇ ಕೂತು ಬಾಯಿಪಾಠ ಮಾಡಿದ್ದರೆ ಕನ್ನಡಿಗರಿಗೆ ರಾಜ್ಯವೆಲ್ಲಿ ಬರುತ್ತಿತ್ತು ಎಂದು ಹೆಂಡತಿಯನ್ನು ಕೇಳಿದ. ಅನುರಾಧಾ, ರಾಜ್ಯ ಇರಲಿ, ಹುಡುಗಿಗೆ ಗಣಿತ ಯಾರು ಹೇಳವರು ಎಂದಳು. ಗಣಿತ ಅವಳ ಪಾಲಿಗೆ ಬಂತು. ಇತಿಹಾಸವನ್ನು ನಾಗಲಿಂಗ ತಾನೇ ಇಟ್ಟುಕೊಂಡ.

"ನಾವು ಇತಿಹಾಸ ಓದೂದಿಲ್ಲ," ಎಂದು ಮಗಳಿಗೆ ಹೇಳಿದ. "ಅದರಾಗ ಬಾಳೂಣು."

ಬಾಳಿದರು. ಸಿಂಧೂ ನಾಗರಿಕತೆ ಬಂದಾಗ ಹಿತ್ತಲಲ್ಲಿ ಒಡಕು ಮಡಕೆ ಹುಗಿದು ಮಗಳಿಂದ ಅಗೆಸಿದ. ಹುಡುಗಿ ಉತ್ಸಾಹದಲ್ಲಿ ಆಳಕ್ಕಿಳಿದು ಓಣಿಯ ನಳದ ಪೈಪು ಕಡಿದಳು. ಮೊಹೆಂಜೊದಾರೊದ ಚರಂಡಿ ವ್ಯವಸ್ಥೆಯನ್ನು ಇಡೀ ಗಲ್ಲಿ ಮೊಣಕಾಲು ನೀರಿನಲ್ಲಿ ನಿಂತು ಕಲಿತುಕೊಂಡಿತು. ಅಶೋಕ ಬಂದಾಗ ತಂದೆ ಮಗಳು ಇದ್ದಿಲು ಹಿಡಿದು ಕಂಪೌಂಡಿನ ಮೇಲೆ ಶಾಸನ ಬರೆದರು. ಪ್ರಾಣಿಗಳನ್ನು ಕೊಲ್ಲಬಾರದೆಂಬ ಶಾಸನಕ್ಕೆ ಜಾಗ ಸಾಲದೆ ಎದುರು ಮನೆಯ ಬಾಳಾಸಾಹೇಬರ ಗೋಡೆಯನ್ನು ಬಳಸಿಕೊಂಡರು. ಬಾಳಾಸಾಹೇಬ ನಿವೃತ್ತ ಬಸ್ ಕಂಡಕ್ಟರ್; ರವಿವಾರ ಮುಂಜಾನೆ ಮಟನ್ನಿನ ಚೀಲ ಹಿಡಿದು ಬಂದವನು ತನ್ನದೇ ಗೋಡೆಯ ಮುಂದೆ ನಿಂತು ಅದನ್ನು ಎರಡು ಸಲ ಓದಿದ. ಅಂದಿನಿಂದ ಮಾತು ಬಿಟ್ಟಿದ್ದ.

ಕದಂಬರ ಸರದಿ ಬಂದಾಗ ನಾಗಲಿಂಗ ಮಗಳನ್ನು ಅವರ ಹಳೆಯ ಊರಾದ ಹಲಸಿಗೆ ಕರೆದುಕೊಂಡು ಹೋದ. ಗುಡಿಯ ನೆರಳಲ್ಲಿ ಕೂತು ಚುರಮುರಿಯ ಜೊತೆ ಹಸಿಮೆಣಸಿನಕಾಯಿ ಕಡಿಯುತ್ತ ಪೂರ್ಣಿಮಾ, ಕದಂಬರ ರಾಜನೂ ಹೀಗೇ ಮೆಣಸಿನಕಾಯಿ ಕಡಿಯುತ್ತಿದ್ದನೇ ಎಂದು ಕೇಳಿದಳು. ನಾಗಲಿಂಗ ಹೌದೆಂದ. ಮನೆಗೆ ಬಂದು ಪುಸ್ತಕ ತೆರೆದರೆ ಅಲ್ಲ ಎಂದು ಬರೆದಿತ್ತು. ಮೆಣಸಿನಕಾಯಿ ತಂದವರು ಪೋರ್ಚುಗೀಸರು. ಶೇಂಗಾ, ಬಟಾಟಿ, ಟೊಮೆಟೊ, ಗೋಡಂಬಿ, ತಂಬಾಕು, ಎಲ್ಲ ಅವರ ಹಡಗಿನ ಕಾಲದಲ್ಲಿ ಬಂದವು. ಚಹಾ ಅದಕ್ಕೂ ತಡವಾಗಿ, ಇಂಗ್ಲಿಷರ ಬೆನ್ನಿಗೆ. ಖಾರಬ್ಯಾಳಿ, ಕೆಂಪು ಮೆಣಸಿನಕಾಯಿಯ ರಂಜಕ, ಶೇಂಗಾ ಹೋಳಿಗೆ ತಿಂದು ಬೆಳೆದ ನಾಗಲಿಂಗನಿಗೆ ತನ್ನ ಅಜ್ಜಿ ತನ್ನವಳಲ್ಲ ಎಂದು ಯಾರೋ ಹೇಳಿದಂತಾಯಿತು. ಮರುಕ್ಷಣವೇ ಉಪಾಯ ಹೊಳೆಯಿತು.

ಉಪಾಯ ಹೊಳೆಯುವುದಕ್ಕೂ ಮಾವನ ಫೋನು ಬರುವುದಕ್ಕೂ ಸರಿಹೋಯಿತು. ಅನುರಾಧಾಳ ತಂದೆ ಗುರುಪಾದಪ್ಪ ಖಾನಾಪುರದಲ್ಲಿ ಹೆಡ್‌ಮಾಸ್ತರನಾಗಿ ನಿವೃತ್ತನಾದವನು. ಮೊಮ್ಮಗಳು ಸಾಲೆ ಬಿಟ್ಟಿದ್ದು ಅವನಿಗೆ ತಡವಾಗಿ ಗೊತ್ತಾಗಿತ್ತು. ಎರಡನೆಯ ಶನಿವಾರ ಬರುತ್ತೇನೆ, ಹುಡುಗಿಯ ಪರೀಕ್ಷೆ ಮಾಡುತ್ತೇನೆ ಎಂದ. ಪಾಸಾದರೆ ಮನೆಯಲ್ಲೇ ಕಲಿಯಲಿ. ನಪಾಸಾದರೆ ಅಂದೇ ಸಂಜೆಯ ಬಸ್ಸಿಗೆ ಖಾನಾಪುರಕ್ಕೆ ಕರೆದೊಯ್ದು ತನ್ನ ಮನೆಯಲ್ಲಿಟ್ಟುಕೊಂಡು ಅಲ್ಲಿಯ ಸಾಲೆಗೆ ಹಾಕುತ್ತೇನೆ. ಒಬ್ಬಳೇ ಮಗಳು. ನಾಗಲಿಂಗನಿಗೆ ಆ ರಾತ್ರಿ ಅನ್ನ ಇಳಿಯಲಿಲ್ಲ.

ಹಾಗಾಗಿ ಈ ಶನಿವಾರ ಮನೆಯಲ್ಲಿ ಐದನೆಯ ಶತಮಾನ. ಕದಂಬರ ಕಾಲದಲ್ಲಿ ಇರದ ವಸ್ತು ಹೊಸ್ತಿಲು ದಾಟುವಂತಿಲ್ಲ. ಫ್ಯೂಜು ತೆಗೆದದ್ದರಿಂದ ದೀಪ ಬಂತು. ಗ್ಯಾಸು ಬಿಟ್ಟು ಹಿತ್ತಲಲ್ಲಿ ಕಟ್ಟಿಗೆ ಒಲೆ ಹೂಡಿದ್ದರಿಂದ ಅನುರಾಧಾಳ ಕಣ್ಣು ಕೆಂಪಾದವು. ಮುಂಜಾನೆಯ ಚಹಾ ತಪ್ಪಿದ್ದರಿಂದ ತಲೆ ಸಿಡಿದು ಬಟ್ಟೆ ಬಿಗಿದುಕೊಂಡಳು. ಬಂದವರ ಮಾತು ಬೇರೆ, ಮನೆಯವರಿಗೆ ಹೊಲಿದ ಬಟ್ಟೆ ಬೇಡವೆಂದು ನಾಗಲಿಂಗ ಅಂಗಿ ಬಿಚ್ಚಿದ್ದ. ಹೊಸ್ತಿಲ ಕಾವಲು ಪೂರ್ಣಿಮಾಳದು. ಸುತ್ತಲಿನ ಮಗ್ಗಗಳ ಖಟಖಟ ಮಾತ್ರ ಐದನೆಯ ಶತಮಾನಕ್ಕೆ ಬಗ್ಗಲಿಲ್ಲ.

ಎಲ್ಲ ಸಿದ್ಧವಾಯಿತು, ಮಾವ ಬರಲಿಲ್ಲ. ಮುಂಜಾನೆಯ ಬಸ್ಸು ಬಂದು ಹೋಗಿರಬೇಕು. ಪರೀಕ್ಷೆ ಮಾಡುವವನಿಗೆ ಹೊತ್ತಿನ ಪರಿವೆ ಬೇಡವೇ ಎಂದು ನಾಗಲಿಂಗ ಒಳಗೊಳಗೇ ಕುದಿಯುತ್ತಿದ್ದ. ಆಗಲೇ ಪದ್ಮವ್ವ ಬಂದು ಅವರ ಸುದ್ದಿ ತೆಗೆದದ್ದು.

ಮಧ್ಯಾಹ್ನದ ಹೊತ್ತಿಗೆ ಅವನ ತಲೆಯೊಳಗೂ ಮಗ್ಗ ಓಡತೊಡಗಿತು. ಚಹಾ ಇಲ್ಲದೆ ಕದಂಬರು ರಾಜ್ಯ ಆಳಿದ್ದಾದರೂ ಹೇಗೆ ಎಂದು ಮೊದಲ ಸಲ ಅವರ ಮೇಲೆ ಖರೇ ಗೌರವ ಹುಟ್ಟಿತು. ಬಸ್ಸು ಬಂತೇನೋ ನೋಡಿ ಬರುತ್ತೇನೆಂದು ಹಿತ್ತಲ ಬಾಗಿಲಿನಿಂದ ಹೊರಬಿದ್ದ. ಮೂಲೆಯ ಚಹಾದ ಗಾಡಿ ತಾನಾಗಿಯೇ ಎದುರಿಗೆ ಬಂದಂತಾಯಿತು. ಒಂದು ಚಹಾ ಹೇಳಿದ. ಬಾಣಲೆಯಲ್ಲಿ ಮಿರ್ಚಿ ಭಜಿ ಆಗಷ್ಟೇ ಉಬ್ಬುತ್ತಿದ್ದವು. ಕಾಯ್ದೆ ಇರುವುದು ಮನೆಯೊಳಗೆ, ತಾನಿರುವುದು ಹೊರಗೆ ಎಂದು ಲೆಕ್ಕ ಹಾಕಿ ತಿಂದ. ಮತ್ತೊಮ್ಮೆ ಲೆಕ್ಕ ಹಾಕಿ ಮತ್ತೊಂದು ತಿಂದ.

ಗಾಡಿಯವನು ಅವನ ಬರಿಮೈ, ಧೋತರ ನೋಡಿ ದನಿ ತಗ್ಗಿಸಿದ. ರೊಕ್ಕ ಕೊಡಹೋದರೆ ಕೈ ಮುಗಿದುಬಿಟ್ಟ.

"ಇರ್ಲಿ ಬಿಡ್ರಿ ಸಾಹೇಬ್ರ. ಇವತ್ತ ನಿಮ್ಮ ಕಡಿಂದ ತಗೊಂಡ್ರ ನಾ ಮನಷ್ಯಾ ಅಲ್ಲ."

ನಾಗಲಿಂಗನಿಗೆ ಕಣ್ಣು ತುಂಬಿ ಬಂತು. ಕೊನೆಗೂ ಈ ಊರಿನಲ್ಲಿ ಒಬ್ಬನಾದರೂ ವಿದ್ಯೆಗೆ ಬೆಲೆ ಕೊಡುವವನು ಸಿಕ್ಕ ಎಂದುಕೊಂಡು, ಎದೆಯುಬ್ಬಿಸಿ ಮುಂಬಾಗಿಲಿನಿಂದಲೇ ಮನೆಗೆ ಬಂದ.

ಬಿದಿರುಕೋಲು ಅಡ್ಡ ಬಂತು.

"ಅಪ್ಪಾ, ಬಾಯಿ ತಗಿ. ಊದು."

ಊದಿದ. ಊದಬಾರದಿತ್ತು.

"ಮಿರ್ಚಿ," ಅಂದಳು ಪೂರ್ಣಿಮಾ. ಮತ್ತೊಮ್ಮೆ ಮೂಸಿದಳು. "ಚಾ."

ನಾಗಲಿಂಗ ವಕೀಲನಂತೆ ವಾದ ಹೂಡಿದ. ತಿಂದದ್ದು ಹೊರಗೆ, ಕಾಯ್ದೆ ಹೊಸ್ತಿಲು ದಾಟುವ ವಸ್ತುಗಳಿಗೆ ಮಾತ್ರ, ಈಗ ತನ್ನ ಕೈ ಖಾಲಿ.

"ನಿನ್ನ ಹೊಟ್ಟ್ಯಾಗ ಕುಂತು ದಾಟತಾವು," ಅಂದಳು ಮಗಳು. "ಹೊರಗ ಕುಂದರು."

ಹಿತ್ತಲ ಬಾಗಿಲಿಗೆ ಓಡಿದ. ಒಳಗಿನಿಂದ ಚಿಲಕ ಬಿದ್ದ ಸದ್ದು ಅವನಿಗಿಂತ ಮೊದಲು ಮುಟ್ಟಿತು. ಕಿಡಕಿಯಿಂದ ಹೆಂಡತಿಯನ್ನು ಕರೆದ. ಚಾಪೆಯ ಮೇಲಿಂದ ಸೋತ ದನಿ ಬಂತು: "ಕಾಯ್ದೆ ಮಾಡಿದವರು ನೀವು. ನನ್ನೇನ್ ಕೇಳ್ತೀರಿ." ಒಂದು ಗಳಿಗೆ ಬಿಟ್ಟು ಅದೇ ದನಿ ಇನ್ನಷ್ಟು ಸೋತು ಕೇಳಿತು: "ಚಾ ಛಲೋ ಇತ್ತೇನ್ರಿ?"

ಸ್ವಂತ ಮನೆ. ಸ್ವಂತ ಮಗಳು. ಸ್ವಂತ ಕಾಯ್ದೆ. ನಾಗಲಿಂಗ ಕಟ್ಟೆಯ ಮೇಲೆ ಪದ್ಮವ್ವನ ಚಟ್ನಿ ಬಟ್ಟಲಿನ ಬಾಜು ಕೂತ. ಇಬ್ಬರೂ ಒಂದೇ ಶತಮಾನದಿಂದ ಬಂದು ಹೊರಗುಳಿದವರು.

ಆಗ ಗಲ್ಲಿಯ ತುದಿಯಲ್ಲಿ ಟ್ರ್ಯಾಕ್ಸ್ ಗಾಡಿ ಕಾಣಿಸಿತು. ಮುಂದೆ ಬಾಳಾಸಾಹೇಬ, ಕೈಯಲ್ಲಿ ದಪ್ಪ ಚೆಂಡುಹೂವಿನ ಹಾರ. ಹಿಂದೆ ಚನ್ನಬಸಯ್ಯನವರು ಮತ್ತು ಅವರ ಭಜನಾ ಮೇಳ, ಹಾರ್ಮೋನಿಯಂ ಪೇಟಿ, ತಾಳ ಸಮೇತ. ಗಲ್ಲಿಯಲ್ಲಿ ಯಾರೇ ತೀರಿಕೊಂಡರೂ ಮೊದಲು ಬರುವವರು ಅವರೇ. ಮಗ್ಗ ನಿಲ್ಲಿಸಿ ಬಂದ ನಾಲ್ಕಾರು ಮಂದಿ. ಎಲ್ಲಕ್ಕೂ ಹಿಂದೆ ಪದ್ಮವ್ವ, ಅತ್ತು ಅತ್ತು ಕೆಂಪಾಗಿ.

ಬಾಳಾಸಾಹೇಬ ಬಂದವನೇ ನಾಗಲಿಂಗನನ್ನು ಅಪ್ಪಿಕೊಂಡ. ಅಶೋಕನ ಶಾಸನವನ್ನು ತಾನು ಮರೆತಿದ್ದೇನೆ, ಇಂಥ ಹೊತ್ತಿನಲ್ಲಿ ಮನುಷ್ಯರು ಹಳೆಯದನ್ನು ಹಿಡಿದು ಕೂರಬಾರದು ಎಂದ. ಖಾನಾಪುರಕ್ಕೆ ಗಾಡಿ ಗೊತ್ತು ಮಾಡಿಯಾಗಿದೆ, ಮಣ್ಣು ಮಾಡುವುದು ಸಂಜೆಯೊಳಗೆ ಆಗಬೇಕು, ಈಗಲೇ ಹೊರಡಬೇಕು. ಕಂಡಕ್ಟರಿಕೆಯ ರೂಢಿ, ಯಾರು ಎಲ್ಲಿ ಕೂರಬೇಕೆಂದೂ ಹೇಳಿಬಿಟ್ಟ. ಆಮೇಲೆ ಮನೆಯಲ್ಲಿರುವ ಅಜ್ಜನ ಫೋಟೋಕ್ಕೆ ಹಾರ ಹಾಕಿ ಬರುತ್ತೇನೆಂದು ಬಾಗಿಲಿಗೆ ಹೋದ.

"ಚೆಂಡುಹೂ ಬಂದಿಲ್ಲ," ಎಂದು ಒಳಗಿನಿಂದ ಕೇಳಿಸಿತು. "ಅದು ಮೆಕ್ಸಿಕೋದ್ದು. ಆ ಪೇಟೀನೂ ಬ್ಯಾಡ. ತಾಳ ಬೇಕಾದ್ರ ತರ್ರಿ."

ಬಾಳಾಸಾಹೇಬ ಹಾರ ಹಿಡಿದುಕೊಂಡೇ ಹಿಂದಕ್ಕೆ ಬಂದ. "ಪೋರಿ ತಲಿ ಕೆಟ್ಟೈತಿ ಪಾಪ. ಅಜ್ಜನ ಮ್ಯಾಲೆ ಭಾಳ ಜೀವ ಇತ್ತಲ್ಲ," ಎಂದು ಕಣ್ಣೊರೆಸಿಕೊಂಡ.

"ಯಾರು ಸತ್ತಾರ?" ಎಂದ ನಾಗಲಿಂಗ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಚನ್ನಬಸಯ್ಯನವರು ಹತ್ತಿರ ಬಂದು ಅವನ ಬೆನ್ನು ಸವರಿದರು. ಪದ್ಮವ್ವ, ಮುಂಜಾನೆಯಿಂದ ಹೀಗೇ ಕೂತಿದ್ದಾನೆ, ಆಘಾತ ಇಳಿದಿಲ್ಲ, ಅವನನ್ನು ಮಾತಾಡಿಸಬೇಡಿರಿ, ಎತ್ತಿ ಗಾಡಿಯಲ್ಲಿ ಕೂರಿಸಿರಿ ಎಂದಳು. ನಾಲ್ವರು ಎತ್ತಿದರು. ನಾಗಲಿಂಗ ಕಾಲು ಬಡಿದ. ಅಳಿಯ ಮಾವನಿಗಾಗಿ ಹೀಗೆ ಒದ್ದಾಡುವುದನ್ನು ತಾನು ಈ ಕಲಿಗಾಲದಲ್ಲಿ ಕಂಡಿರಲಿಲ್ಲ ಎಂದು ಮೇಳದವನೊಬ್ಬ ಇನ್ನೊಬ್ಬನಿಗೆ ಹೇಳಿದ.

ಟ್ರ್ಯಾಕ್ಸಿನ ಹಿಂದೆ ಒಂದು ಆಟೋ ಬಂದು ನಿಂತಿದ್ದನ್ನು ಯಾರೂ ಗಮನಿಸಲಿಲ್ಲ. ಅದರಿಂದ ಬಿಳಿ ಟೊಪ್ಪಿಗೆಯ ಎತ್ತರದ ಮುದುಕನೊಬ್ಬ ಚೀಲ ಹಿಡಿದು ಇಳಿದ. ದಾರಿಯಲ್ಲಿ ಬಸ್ಸು ಕೆಟ್ಟು ನಿಂತು ಅವನ ಮುಖ ಮೊದಲೇ ಸಿಂಡರಿಸಿತ್ತು. ಗಾಡಿ, ಹಾರ, ಪೇಟಿ ನೋಡಿ ಬಿಳಚಿಕೊಂಡಿತು. ಹತ್ತಿರವಿದ್ದ ಚನ್ನಬಸಯ್ಯನವರನ್ನು ಕೇಳಿದ.

"ಈ ಮನ್ಯಾಗ ಯಾರು ತೀರಿಕೊಂಡಾರ್ರೀ?"

"ಖಾನಾಪುರದ ಗುರುಪಾದಪ್ಪ ಮಾಸ್ತರು ಅಂತ. ಈ ಮನೀ ಬೀಗರು. ನಿಮಗ ಪರಿಚಯ ಏನ್ರಿ?"

ಮುದುಕ ಚೀಲವನ್ನು ನೆಲಕ್ಕಿಟ್ಟ.

"ಭಾಳ ಶಿಸ್ತಿನ ಮನಷ್ಯಾ ಅಂತ. ಹುಡುಗರನ್ನ ಮಾತ್ರ ದನಾ ಬಡದಂಗ ಬಡೀತಿದ್ರಂತ. ಇರ್ಲಿ, ಹೋದವರ ಬಗ್ಗೆ ನಾವ್ಯಾಕ ಆಡಬೇಕು."

"ದನಾ ಬಡದಂಗ ಅಲ್ಲ," ಎಂದ ಗುರುಪಾದಪ್ಪ. "ಅಂಗೈ ಮ್ಯಾಲೆ ಅಷ್ಟ."

ಆಮೇಲೆ ಆದದ್ದನ್ನು ಆ ಗಲ್ಲಿಯಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಸಿಟ್ಟು ಬರದವರು ಮಾತ್ರ ಯಾರೂ ಇರಲಿಲ್ಲ. ಗುರುಪಾದಪ್ಪನಿಗೆ ತಾನು ಸತ್ತದ್ದಕ್ಕೆ ಸಿಟ್ಟು. ಉಳಿದವರಿಗೆ ಅವನು ಸಾಯದೆ ಇದ್ದದ್ದಕ್ಕೆ. ಮಗ್ಗ ನಿಲ್ಲಿಸಿ ಬಂದವರು, ಹೀಗೆ ಮಂದಿಯನ್ನು ಕರೆಸಿ ಜೀವಂತ ಬಂದು ನಿಲ್ಲುವುದು ದೊಡ್ಡವರಿಗೆ ಶೋಭೆಯೇ ಎಂದು ಕೇಳಿದರು. ಬಾಳಾಸಾಹೇಬ, ಮರೆತಿದ್ದ ಅಶೋಕನ ಶಾಸನವನ್ನು ಮತ್ತೆ ನೆನಪು ಮಾಡಿಕೊಂಡ. ಸುಳ್ಳು ಸುದ್ದಿ ಹಬ್ಬಿಸಿದವಳು ನೀನೇ ಎಂದು ಎಲ್ಲರೂ ತಿರುಗಿ ಬಿದ್ದಾಗ ಪದ್ಮವ್ವ ಸೊಂಟಕ್ಕೆ ಕೈಯಿಟ್ಟಳು.

"ಹಗಲೊತ್ತ ದೀಪಾ ಹಚ್ಚಿ, ಒಗ್ಗರಣಿ ಹಾಕದ ಕುಂತವರು ಅವರು. ತಪ್ಪು ನಂದಾ? ನಾ ಅತ್ತದ್ದು ಏನ್ ಸುಳ್ಳಾ? ಅದನ್ನ ಯಾರು ಹೊಳ್ಳಿ ಕೊಡ್ತಾರ?"

ನಾಗಲಿಂಗ ಗಾಡಿಯಿಂದ ಜಿಗಿದು ಮಾವನ ಕಾಲು ಮುಟ್ಟಲು ಬಗ್ಗಿದ. ಗುರುಪಾದಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಮೊದಲು ಅಂಗಿ ಹಾಕಿಕೊಳ್ಳಿರಿ ಎಂದ. ಅಂಗಿ ಒಳಗಿದೆ, ತನ್ನನ್ನು ಒಳಗೆ ಬಿಡುತ್ತಿಲ್ಲ ಎಂದ ನಾಗಲಿಂಗ. ಗುರುಪಾದಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಸಂಜೀ ಬಸ್ಸು ಎಷ್ಟಕ್ಕೈತಿ?" ಎಂದಷ್ಟೇ ಕೇಳಿ ಬಾಗಿಲಿಗೆ ನಡೆದ.

ಪೂರ್ಣಿಮಾ ಅಜ್ಜನನ್ನು ಕಂಡು ಕಣ್ಣರಳಿಸಿದಳು. ಕೋಲು ಮಾತ್ರ ಅಲುಗಲಿಲ್ಲ.

"ಅಜ್ಜಾ, ಕಿಸೇದಾಗಿನ ನಶ್ಯದ ಡಬ್ಬಿ ತಗಿ. ತಂಬಾಕಾ ಬಂದಿಲ್ಲ."

ಖಾನಾಪುರದ ಮೂರು ತಲೆಮಾರುಗಳ ಹುಡುಗರು ಆ ಡಬ್ಬಿಯ ಟಪ್ ಎಂಬ ಸದ್ದಿಗೆ ನಡುಗಿದ್ದರು. ಅದು ಈಗ ನಾಗಲಿಂಗನ ಕೈಗೆ ಬಂತು. ಅದರ ಹಿಂದೆ ಕೈಗಡಿಯಾರ. ಅದರ ಹಿಂದೆ ಮೊಮ್ಮಗಳಿಗೆಂದು ತಂದಿದ್ದ ಗೋಡಂಬಿಯ ಪೊಟ್ಟಣ. ಕೊನೆಗೆ ಚಸ್ಮಾ. ಬಾಳಾಸಾಹೇಬ ಬೇಸತ್ತು ಹಾರವನ್ನೂ ಅವನ ತೋಳಿಗೇ ತೂಗುಹಾಕಿದ. ನಾಗಲಿಂಗ ಜಾತ್ರೆಯ ಅಂಗಡಿಯ ಗೂಟದಂತೆ ನಿಂತಿದ್ದ.

ಚಸ್ಮಾ ಹೋದ ಮೇಲೆ ಗುರುಪಾದಪ್ಪನಿಗೆ ಜಗತ್ತೆಲ್ಲ ಗಂಜಿಯಾಯಿತು. ಹೊಸ್ತಿಲು ಎಡವಿ, ಬಾಗಿಲ ಚೌಕಟ್ಟು ಹಿಡಿದು, "ಬಸವಾ, ಬಸವಣ್ಣಾ," ಎಂದ.

"ಬಸವಣ್ಣೋರು ಇನ್ನೂ ಹುಟ್ಟಿಲ್ಲ ಅಜ್ಜಾ," ಅಂದಳು ಪೂರ್ಣಿಮಾ. "ಏಳ್ನೂರು ವರ್ಷ ತಡೀಬೇಕು."

ಚನ್ನಬಸಯ್ಯನವರು ಕಿವಿಯ ಮೇಲೆ ಕೈಯಿಟ್ಟುಕೊಂಡರು. ಸಾಲೆಯಲ್ಲಿ ಬಸವ ಜಯಂತಿಗೆ ತಪ್ಪದೆ ಭಾಷಣ ಮಾಡಿದ ಮಾವನ ಬೆನ್ನು ನೆಟ್ಟಗಾದದ್ದನ್ನು ನಾಗಲಿಂಗ ಹಿಂದಿನಿಂದ ನೋಡಿದ. ಮುಗಿಯಿತು ಎಂದುಕೊಂಡ. ಮಗಳ ಬಟ್ಟೆ ತುಂಬಲು ಮನೆಯಲ್ಲಿ ದೊಡ್ಡ ಚೀಲ ಯಾವುದಿದೆ ಎಂದು ಯೋಚಿಸುವಷ್ಟು ಮುಗಿಯಿತು.

"ಹಂಗಾರ ಈಗ ದೊರಿ ಯಾರವ್ವಾ?" ಎಂದ ಗುರುಪಾದಪ್ಪ.

"ಮೃಗೇಶವರ್ಮ. ಇರೂದು ಬನವಾಸ್ಯಾಗ. ಹಲಸ್ಯಾಗ ಅವನ ಎರಡನೇ ರಾಜಧಾನಿ. ಅಲ್ಲಿ ತೀರಿಹೋದ ಅಪ್ಪನ ನೆನಪಿಗೆ ಬಸದಿ ಕಟ್ಟಸ್ಯಾನ."

"ಅಪ್ಪನ ನೆನಪಿಗೆ," ಎಂದು ಗುರುಪಾದಪ್ಪ ಮೆಲ್ಲಗೆ ಅಂದ. ಇದೇ ಮಾತನ್ನು ಅವನು ಸೇವೆಯುದ್ದಕ್ಕೂ ಎರಡು ಅಂಕದ ಪ್ರಶ್ನೆಯಾಗಿ ಬರೆಸಿದ್ದ. ಇಂದು, ತನ್ನದೇ ಮಣ್ಣಿಗೆ ಹೊರಟ ಗಾಡಿಯನ್ನು ಬೆನ್ನ ಹಿಂದಿಟ್ಟುಕೊಂಡು ಕೇಳಿದಾಗ ಅದು ಎರಡು ಅಂಕದ ಮಾತೆನಿಸಲಿಲ್ಲವೇನೋ. ಕೈ ಚಾಚಿದ. ಪೂರ್ಣಿಮಾ ಕೈ ಹಿಡಿದು ಒಳಗೆ ಕರೆದೊಯ್ದಳು. ಬಾಗಿಲು ಮುಚ್ಚಿತು.

ನಾಗಲಿಂಗ ಕಿಡಕಿಗೆ ಕಿವಿ ಹಚ್ಚಿದ. ಅವನ ಬೆನ್ನಿಗೆ ಗಲ್ಲಿ ಕಿವಿ ಹಚ್ಚಿತು. ಮುದುಕನ ಗಡಸು ದನಿ ಪ್ರಶ್ನೆ ಕೇಳುತ್ತಿತ್ತು, ಹುಡುಗಿಯ ತೆಳು ದನಿ ಹೇಳುತ್ತಿತ್ತು. ಮೆಣಸಿನಕಾಯಿ ಇಲ್ಲದೆ ಖಾರ ಎಲ್ಲಿಂದ? ಕರಿಮೆಣಸಿನಿಂದ. ಶೇಂಗಾ ಇಲ್ಲದೆ ಚಟ್ನಿ? ಎಳ್ಳಿನದು. ಹೊಳೆಯಲ್ಲಿ ನೀರೇರಿದರೆ ಹಲಸಿಯಿಂದ ಬನವಾಸಿಗೆ ಸುದ್ದಿ ಹೇಗೆ ಮುಟ್ಟಬೇಕು? ಮುಟ್ಟುವುದಿಲ್ಲ ಅಜ್ಜಾ, ರಾಜ ಕಾಯಬೇಕು. ಆಮೇಲೆ ರೊಟ್ಟಿ ಮುರಿಯುವ ಸದ್ದು. ಆಮೇಲೆ, ಆ ಮನೆಯಲ್ಲಿ ಯಾರೂ ಕೇಳಿರದ ಸದ್ದೊಂದು. ಗುರುಪಾದಪ್ಪ ಮಾಸ್ತರು ನಗುತ್ತಿದ್ದರು.

ಬಾಗಿಲು ತೆರೆದಾಗ ಮುದುಕನ ಮೀಸೆಯಲ್ಲಿ ಎಳ್ಳು ಅಂಟಿತ್ತು. ಚಸ್ಮಾ ಇಲ್ಲದ ಕಣ್ಣು ಕಿರಿದು ಮಾಡಿ, ಬಾಳಾಸಾಹೇಬನ ಎರಡೂ ಕೈ ಹಿಡಿದುಕೊಂಡ.

"ನಾಗಲಿಂಗಪ್ಪಾರ, ನೀವು ಮಾಡಿದ್ದು ಹುಚ್ಚತನ. ಆದ್ರ ಇಂಥಾ ಹುಚ್ಚತನ ನಾ ಮಾಡಿದ್ರ, ನನ್ನ ಕೈಯಾಗ ಕಲತ ಹುಡುಗರು ಇವತ್ತ ನನ್ನ ಕಂಡ್ರ ಗಲ್ಲಿ ಬದಲಿಸಿ ಹೋಗ್ತಿದ್ದಿಲ್ಲ. ಹುಡುಗಿ ಪಾಸು. ಇಲ್ಲೇ ಇರ್ಲಿ."

ಮಾವನ ಬಾಯಿಂದ ಜನ್ಮದಲ್ಲಿ ಮೊದಲ ಸಲ ಬಂದ ಹೊಗಳಿಕೆ ಎದುರು ಮನೆಯವನ ಪಾಲಾಯಿತು. ನಾಗಲಿಂಗ ಓಡಿಬಂದು ಮಾವನ ಮೂಗಿನ ಮೇಲೆ ಚಸ್ಮಾ ಇಟ್ಟ. ಗುರುಪಾದಪ್ಪ ಇಬ್ಬರನ್ನೂ ನೋಡಿ, ಬಾಳಾಸಾಹೇಬನ ಕೈ ಬಿಟ್ಟ. ಹೇಳಿದ ಮಾತನ್ನು ಹೊಳ್ಳಿ ಹೇಳಲಿಲ್ಲ.

ಆದರೂ ಸಾಕಿತ್ತು. ನಾಗಲಿಂಗ ಕಟ್ಟೆಯೇರಿ ಗಲ್ಲಿಯತ್ತ ತಿರುಗಿದ. ಅಂಗಿಯಿಲ್ಲ, ತೋಳಲ್ಲಿ ಹೆಣದ ಹಾರ, ಕೈಯಲ್ಲಿ ನಶ್ಯದ ಡಬ್ಬಿ. ಆದರೂ ಮಯೂರಶರ್ಮ ಶ್ರೀಪರ್ವತದ ಕಾಡಿನಿಂದ ಹೊರಬಂದಾಗ ಹೀಗೇ ಕಂಡಿರಬೇಕು ಎಂದು ಅವನಿಗೆ ಅನ್ನಿಸಿತು. ನಳದ ಪೈಪಿಗಾಗಿ ಬೈದವರು, ಗೋಡೆಗಾಗಿ ಮಾತು ಬಿಟ್ಟವರು, ಚಟ್ನಿಗಾಗಿ ಮುನಿದವರು ಎಲ್ಲರೂ ಕಿವಿಗೊಟ್ಟು ಕೇಳಬೇಕು ಎಂದ. ಮುಂದಿನ ವಾರ ಚಾಲುಕ್ಯರು. ಅದರಾಚೆ ರಾಷ್ಟ್ರಕೂಟರು. ವಿಜಯನಗರಕ್ಕೆ ಆನೆ ಬೇಕಾದರೂ ತಂದೇನು.

ಬಾಳಾಸಾಹೇಬ ಸದ್ದಿಲ್ಲದೆ ಟ್ರ್ಯಾಕ್ಸಿನೊಳಗೆ ಹೋಗಿ ಕೂತ.

ಆಗ ಪೂರ್ಣಿಮಾ ಬಿದಿರುಕೋಲನ್ನು ಬಾಗಿಲ ಮೂಲೆಗೆ ಒರಗಿಸಿದಳು. ತಲೆಯ ರುಮಾಲು ಬಿಚ್ಚಿ ಮಡಚಿಟ್ಟಳು. ಹೊಸ್ತಿಲು ದಾಟಿ ಹೊರಗೆ ಬಂದು, ಕಟ್ಟೆಯ ಮೇಲಿನ ಬಟ್ಟಲಿನ ತಾಟು ಸರಿಸಿ, ಶೇಂಗಾ ಚಟ್ನಿಯಲ್ಲಿ ಬೆರಳದ್ದಿ ನೆಕ್ಕಿದಳು. ಕಣ್ಣು ಮುಚ್ಚಿಕೊಂಡಳು. ಮತ್ತೊಮ್ಮೆ ನೆಕ್ಕಿದಳು.

"ಅಜ್ಜಾ, ನಾ ನಿನ್ನ ಜೋಡಿ ಬರ್ತೀನಿ," ಎಂದಳು. "ಸಾಲಿಗೆ ಹೋಗ್ತೀನಿ."

ನಾಗಲಿಂಗ ಕಟ್ಟೆಯಿಂದ ಇಳಿದ. ಇಳಿದದ್ದು ಅವನಿಗೆ ಗೊತ್ತಾಗಲಿಲ್ಲ. ಅಜ್ಜ ಪಾಸು ಮಾಡಿದ್ದು ಕೇಳಲಿಲ್ಲವೇ ಎಂದ. ಕೇಳಿತು ಎಂದಳು.

"ಒಂದು ಮಾತು ಕೇಳಿದ್ದಕ್ಕ ಆ ಅಕ್ಕೋರು ನಿನ್ನ ಹೊರಗ ನಿಂದ್ರಸಿದ್ರು. ಮರತಿಯೇನ?"

"ಮರತಿಲ್ಲ. ಆದ್ರ ಅಕ್ಕೋರು ನಮಗ ಬಾಯಿಪಾಠ ಮಾಡ್ರಿ ಅಂದದ್ದು ಅವರಿಗೂ ಬಾಯಿಪಾಠ ಬರ್ತಿತ್ತು." ಅವಳ ಗಲ್ಲ ನಡುಗಿತು, ಅಳುವಿಗಲ್ಲ, ಸಿಟ್ಟಿಗೆ. "ಅವ್ವ ತಲಿ ಕಟಗೊಂಡು ಮಲಗಿದ್ಲು. ನಾ ಮುಂಜಾನಿಂದ ಸಪ್ಪನ ತಿಂದು ಬಾಗಲಾ ಕಾದೆ. ನೀ ಹಿತ್ತಲದಿಂದ ಹೋಗಿ ಮಿರ್ಚಿ ತಿಂದು ಬಂದಿ. ಮತ್ತ ನನ್ನ ಜೋಡಿ ವಾದಾ ಮಾಡಿದಿ."

ಇಡೀ ಗಲ್ಲಿ, ಜೀವಂತ ಮಾವನೂ ಸೇರಿ, ನಾಗಲಿಂಗನ ಬಾಯಿಯನ್ನೇ ನೋಡಿತು. ತುಟಿಯ ತುದಿಯಲ್ಲಿ ಭಜಿಯ ಚೂರೊಂದು ಇನ್ನೂ ಅಂಟಿತ್ತು. ಅವನು ಅದನ್ನು ಕೈಯ ಹಿಂಬದಿಯಿಂದ ಒರೆಸಿಕೊಂಡ. ಚೆಂಡುಹೂವಿನ ಎಸಳು ಮೀಸೆಗೆ ಹತ್ತಿತು.

"ಒಂದು ಕೆಲಸ ಮಾಡೂಣು," ಎಂದು ಮಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತ. "ಚಾಲುಕ್ಯರನ್ನ ಬಿಟ್ಟಬಿಡೂಣು. ನಾಳೆ ಮುಂಜಾನಿನ ಪೋರ್ಚುಗೀಸರನ್ನ ಕರಸ್ತೀನಿ. ಮೆಣಸಿನಕಾಯಿ ಬರ್ತಾವು, ಶೇಂಗಾ ಬರ್ತಾವು. ಅವ್ವಗ ಚಾ ಬೇಕಂದ್ರ ಮಧ್ಯಾಹ್ನಕ್ಕ ಇಂಗ್ಲಿಷರನ್ನೂ ಕರಸೂಣು. ಸಂಜೀ ಅನ್ನೂದ್ರಾಗ ಸ್ವಾತಂತ್ರ್ಯ ಕೊಡ್ತೀನಿ. ಇಲ್ಲೇ ಇರ್ತಿ?"

ಪೂರ್ಣಿಮಾ ಬೆರಳು ಚೀಪುವುದನ್ನು ನಿಲ್ಲಿಸಿದಳು.

"ಒಲ್ಲೆ," ಅಂದಳು.